ಶುಕ್ರವಾರ ಕಿಯೇತಿ, ಭಾನುವಾರ ಸುಲ್ಮೋನಾ: ಇಟಲಿಯ ಈಸ್ಟರ್ ಮೆರವಣಿಗೆ ನೋಡಲು ಹೊರಟವರಿಗೆ

ಈಸ್ಟರ್ ವಾರಕ್ಕೆ ಇಟಲಿಗೆ ಹೊರಟವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಹೆಸರಿರುತ್ತವೆ: ರೋಮಿನಲ್ಲಿ ಪೋಪ್ ಅವರ ಬಲಿಪೂಜೆ, ಫ್ಲಾರೆನ್ಸಿನಲ್ಲಿ ಪಟಾಕಿ ಸಿಡಿಯುವ ಬಂಡಿ, ಸಿಸಿಲಿಯ ತ್ರಾಪಾನಿಯ ಮೆರವಣಿಗೆ. ತ್ರಾಪಾನಿಯದು ಗುಡ್ ಫ್ರೈಡೇ ಮಧ್ಯಾಹ್ನ ಎರಡಕ್ಕೆ ಹೊರಟು ಮರುದಿನ ಮಧ್ಯಾಹ್ನದವರೆಗೂ ನಡೆಯುತ್ತದೆ; ಇಪ್ಪತ್ತು ವಿಗ್ರಹ ಸಮೂಹಗಳು ಹೆಗಲ ಮೇಲೆ ತೂಗುತ್ತಾ ಸಾಗುತ್ತವೆ. ಅದನ್ನು ನೋಡಿ ಭಾನುವಾರ ಬೆಳಗ್ಗೆ ಫ್ಲಾರೆನ್ಸ್ ಮುಟ್ಟುತ್ತೇನೆ ಎಂದು ಹೊರಟರೆ ಎರಡೂ ಅರೆಬರೆ ಆಗುತ್ತವೆ. ಮೊದಲ ಸಲ ಹೋಗುವವರು ಒಂದೇ ಪ್ರಾಂತ ಹಿಡಿಯುವುದು ಒಳ್ಳೆಯದು. ರೋಮಿನ ಪೂರ್ವಕ್ಕಿರುವ ಅಬ್ರುಟ್ಸೊ ಇದಕ್ಕೆ ಹೇಳಿ ಮಾಡಿಸಿದ ಜಾಗ. ಶುಕ್ರವಾರ ರಾತ್ರಿಯ ಕಿಯೇತಿ, ಭಾನುವಾರ ಮಧ್ಯಾಹ್ನದ ಸುಲ್ಮೋನಾ, ಎರಡೂ ರೋಮ್–ಪೆಸ್ಕಾರಾ ರೈಲು ಮಾರ್ಗದಲ್ಲೇ ಇವೆ.

ಮೊದಲು ದಿನಾಂಕ. ಈಸ್ಟರ್ 2027ರಲ್ಲಿ ಮಾರ್ಚ್ 28ಕ್ಕೆ, 2028ರಲ್ಲಿ ಏಪ್ರಿಲ್ 16ಕ್ಕೆ ಬರುತ್ತದೆ. 2027ಕ್ಕೆ ಹೋಗುವವರು ಒಂದು ಗಂಟು ಬಿಡಿಸಿಕೊಳ್ಳಬೇಕು: ಮಾರ್ಚ್ ಕೊನೆಯ ಭಾನುವಾರವೇ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವ ದಿನ. ರಾತ್ರಿ ಎರಡು ಗಂಟೆ ನೇರ ಮೂರಾಗುತ್ತದೆ. ಮೊಬೈಲ್ ತಾನೇ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ. ಸುಲ್ಮೋನಾದಲ್ಲಿ ಅಂದು ಹನ್ನೆರಡಕ್ಕೆ ಮಾತೆ ಮರಿಯಳ ವಿಗ್ರಹ ಹೊತ್ತು ಓಡುವ ಓಟಕ್ಕೆ ಒಂದು ಗಂಟೆ ತಡವಾಗಿ ಹೋದವರಿಗೆ ಖಾಲಿಯಾಗುತ್ತಿರುವ ಚೌಕವಷ್ಟೇ ಸಿಗುತ್ತದೆ.

ಇನ್ನೊಂದು, ನಮ್ಮಲ್ಲಿ ಗುಡ್ ಫ್ರೈಡೇ ಸರ್ಕಾರಿ ರಜೆ, ಇಟಲಿಯಲ್ಲಿ ಅಲ್ಲ. ಅಂದು ಅಂಗಡಿ, ಕಚೇರಿ ತೆರೆದಿರುತ್ತವೆ, ರೈಲು-ಬಸ್ಸು ಮಾಮೂಲಿ ವೇಳಾಪಟ್ಟಿಯಂತೆ ಓಡುತ್ತವೆ. ರಜೆ ಇರುವುದು ಭಾನುವಾರ ಮತ್ತು 'ಪಾಸ್ಕ್ವೆತ್ತಾ' ಎನ್ನುವ ಸೋಮವಾರಕ್ಕೆ. ವೇಳಾಪಟ್ಟಿಯಲ್ಲಿ 'ಫೆರಿಯಾಲೆ' ಅಂದರೆ ಕೆಲಸದ ದಿನ, 'ಫೆಸ್ತಿವೊ' ಅಂದರೆ ಭಾನುವಾರ ಮತ್ತು ರಜೆ. ಸೋಮವಾರದ ಪ್ರಯಾಣಕ್ಕೆ ಫೆರಿಯಾಲೆ ಬಸ್ಸು ನಂಬಿ ನಿಂತವರು ನಿಂತೇ ಇರುತ್ತಾರೆ.

ವೀಸಾ ಶೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು ಪ್ರಯಾಣಕ್ಕೆ ಹದಿನೈದು ದಿನ ಮೊದಲು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚಕ್ಕೆ ಇರಬೇಕು. ಎಲ್ಲಕ್ಕಿಂತ ಮೊದಲು ಮುಗಿಯುವುದು ಅಪಾಯಿಂಟ್‌ಮೆಂಟ್, ಆದ್ದರಿಂದ ಜನವರಿ ದಾಟಲು ಬಿಡಬೇಡಿ.

ರೋಮಿನ ಫ್ಯೂಮಿಚಿನೊ ವಿಮಾನ ನಿಲ್ದಾಣದಲ್ಲಿ ಇಳಿದರೆ ಎಲ್ಲರೂ ರೋಮಿನ ಮುಖ್ಯ ರೈಲು ನಿಲ್ದಾಣವಾದ ಟರ್ಮಿನಿಗೆ ಹೋಗುವ ಲಿಯೊನಾರ್ಡೊ ಎಕ್ಸ್‌ಪ್ರೆಸ್ ತೋರಿಸುತ್ತಾರೆ. ನಿಮಗೆ ಬೇಕಾದದ್ದು ಎಫ್‌ಎಲ್1 ಎಂಬ ಸಾದಾ ರೈಲು. ದರ ಕಡಿಮೆ, ನೇರವಾಗಿ ರೋಮಿನ ಇನ್ನೊಂದು ನಿಲ್ದಾಣ ತಿಬುರ್ತಿನಾಗೆ ಬಿಡುತ್ತದೆ. ಅಬ್ರುಟ್ಸೊದ ರೈಲೂ ಬಸ್ಸೂ ಹೊರಡುವುದು ಅಲ್ಲಿಂದಲೇ. ಸುಲ್ಮೋನಾಕ್ಕೆ ರೈಲಿನಲ್ಲಿ ಮೂರು ಗಂಟೆಯ ಆಸುಪಾಸು; ಬಸ್ಸು ಇದಕ್ಕಿಂತ ಬೇಗ, ಆದರೆ ಬೆಟ್ಟದ ನೋಟ ಇರುವುದು ರೈಲಿನಲ್ಲಿ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರಂ ಯಂತ್ರದಲ್ಲಿ ಮುದ್ರೆ ಹಾಕಿಸಲೇಬೇಕು. ಟಿಕೆಟ್ ಕೊಂಡಿದ್ದರೂ ಮುದ್ರೆ ಇಲ್ಲದಿದ್ದರೆ ದಂಡ. ಹಳಿ ಕಾಮಗಾರಿ ಇದ್ದಾಗ ಈ ಮಾರ್ಗದ ಕೆಲವು ಭಾಗಕ್ಕೆ ಬದಲಿ ಬಸ್ಸು ಬಿಡುತ್ತಾರೆ. ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ.

ಕಿಯೇತಿ ರೈಲು ನಿಲ್ದಾಣ ಇರುವುದು ತಗ್ಗಿನಲ್ಲಿ, ಊರು ಗುಡ್ಡದ ಮೇಲೆ. ನಕ್ಷೆಯಲ್ಲಿ ಹತ್ತಿರ ಕಂಡಿತೆಂದು ಪೆಟ್ಟಿಗೆ ಎಳೆದುಕೊಂಡು ನಡೆಯಲು ಹೋಗಬೇಡಿ, ಬಸ್ಸು ಹಿಡಿಯಿರಿ. ಮೆರವಣಿಗೆ ಸಂಜೆಗತ್ತಲಿಗೆ ಸಂತ ಜುಸ್ತಿನೊ ಪ್ರಧಾನ ಚರ್ಚಿನಿಂದ ಹೊರಡುತ್ತದೆ. ದಾರಿಯುದ್ದಕ್ಕೂ ಮುಕ್ಕಾಲಿಗಳ ಮೇಲೆ ಬೆಂಕಿ ಉರಿಯುತ್ತಿರುತ್ತದೆ. ನಿಲುವಂಗಿ ತೊಟ್ಟ, ಮುಖಕ್ಕೆ ಮುಸುಕು ಹಾಕಿದ ಭಕ್ತ ಸಂಘಗಳವರು ಮುಂದೆ ಸಾಗುತ್ತಾರೆ. ಮುಸುಕು ಪ್ರಾಯಶ್ಚಿತ್ತ ಮಾಡುವವನ ಗುರುತು ಯಾರಿಗೂ ಸಿಗಬಾರದೆಂದು. ಏಣಿ, ಈಟಿ, ಶಿಲುಬೆ ಹೀಗೆ ಯೇಸುವಿನ ಯಾತನೆಯ ಸಂಕೇತಗಳನ್ನು ಮರದಲ್ಲಿ ಕೆತ್ತಿ ಹೊರುತ್ತಾರೆ.

ಇಷ್ಟು ಕಂಡ ಕೂಡಲೇ ಮುಗಿಯಿತೆಂದು ಹೊರಡುವವರೇ ಹೆಚ್ಚು. ಕಿಯೇತಿಗೆ ಬರಬೇಕಾದ ಕಾರಣ ಇನ್ನೂ ಹಿಂದೆ ಬರುತ್ತಿರುತ್ತದೆ: ಪಿಟೀಲುಗಳ ದೊಡ್ಡ ತಂಡ, ಗಂಡಸರ ಗಾಯನ. ಹದಿನೆಂಟನೇ ಶತಮಾನದಲ್ಲಿ ಇದೇ ಊರಿನ ಸವೇರಿಯೊ ಸೆಲೆಕ್ಕಿ ರಚಿಸಿದ 'ಮಿಸೆರೆರೆ' ಎಂಬ ಪಶ್ಚಾತ್ತಾಪದ ಕೀರ್ತನೆಯನ್ನು ನಡೆಯುತ್ತಲೇ ನುಡಿಸುತ್ತಾರೆ. ಕೋರ್ಸೊ ಮಾರ್ರುಚಿನೊ ಅಗಲವಾದ ಬೀದಿ, ನಿಲ್ಲಲು ಸುಲಭ, ಆದರೆ ಅಲ್ಲಿ ನಾದ ಚದುರಿಹೋಗುತ್ತದೆ. ಹತ್ತಿರದ ಇಕ್ಕಟ್ಟಾದ ಓಣಿಯೊಂದರಲ್ಲಿ ಗೋಡೆಗೆ ಒರಗಿ ನಿಂತರೆ ಪಿಟೀಲಿನ ಸದ್ದು ಎರಡೂ ಗೋಡೆಗಳಿಂದ ತಿರುಗಿ ಬರುತ್ತದೆ. ಮೆರವಣಿಗೆಗೆ ಅಡ್ಡ ದಾಟಬೇಡಿ, ಫ್ಲಾಶ್ ಹಾಕಬೇಡಿ. ತೇರಿನ ಗದ್ದಲ ಕಂಡ ನಮಗೆ ಇಲ್ಲಿಯ ಮೌನ ವಿಚಿತ್ರ ಎನಿಸಬಹುದು. ಜನ ಚಪ್ಪಾಳೆ ಕೂಡ ತಟ್ಟುವುದಿಲ್ಲ.

ಇಲ್ಲಿ ಎಡವುವುದು ವಾಪಸಾತಿಯಲ್ಲಿ. ಸುಲ್ಮೋನಾದಲ್ಲಿ ಕೋಣೆ ಮಾಡಿ ಶುಕ್ರವಾರ ರಾತ್ರಿಯೇ ಹಿಂತಿರುಗುವ ಲೆಕ್ಕ ಹಾಕಬೇಡಿ. ಬೀದಿಗಳು ಮುಚ್ಚಿರುವುದರಿಂದ ಬಸ್ಸು ಮಾಮೂಲಿ ನಿಲ್ದಾಣಕ್ಕೆ ಬರದೇ ಇರಬಹುದು, ತಗ್ಗಿಗಿಳಿಯುವಷ್ಟರಲ್ಲಿ ಕೊನೆಯ ರೈಲು ಹೋಗಿರುತ್ತದೆ. ಗುರುವಾರ, ಶುಕ್ರವಾರ ಎರಡು ರಾತ್ರಿ ಕಿಯೇತಿಯ ಮೇಲೂರಿನಲ್ಲೇ ಉಳಿಯಿರಿ. ವಯಸ್ಸಾದವರು ಜೊತೆಗಿದ್ದರೆ ಕಿಯೇತಿಯನ್ನೇ ಬಿಟ್ಟು ಎಲ್ಲ ರಾತ್ರಿಯೂ ಸುಲ್ಮೋನಾದಲ್ಲಿ ಇರಬಹುದು. ಅಲ್ಲೂ ಶುಕ್ರವಾರ ರಾತ್ರಿ ತ್ರಿನಿತಾ ಸಂಘದವರು ಕೆಂಪು ನಿಲುವಂಗಿಯಲ್ಲಿ, ಪಾದ ನೆಲಕ್ಕೆ ಉಜ್ಜುತ್ತಾ ಅತ್ತಿತ್ತ ತೂಗುತ್ತಾ ಹಾಡಿಕೊಂಡು ಸಾಗುತ್ತಾರೆ. ಸಂಗೀತಕ್ಕೆ ಕಿಯೇತಿ, ಹೆಜ್ಜೆಗೆ ಸುಲ್ಮೋನಾ.

ಗುರುವಾರ ಸಂಜೆ ಎಲ್ಲಿದ್ದರೂ ಎರಡು ಮೂರು ಚರ್ಚುಗಳ ಒಳಗೆ ಹೋಗಿ ಬನ್ನಿ. ಅಂದು ವಿಶೇಷವಾಗಿ ಅಲಂಕರಿಸಿದ ಪೀಠಗಳಿರುತ್ತವೆ, ಊರಿನವರು ಚರ್ಚಿನಿಂದ ಚರ್ಚಿಗೆ ನಡೆಯುತ್ತಾರೆ. ದಕ್ಷಿಣ ಇಟಲಿಯ ಅನೇಕ ಕಡೆ ಕತ್ತಲಲ್ಲಿ ಮೊಳೆಸಿದ ಗೋಧಿಯ ಸಸಿಗಳನ್ನು ಅಲ್ಲಿ ಇಡುವ ರೂಢಿಯಿದೆ. ಬಿಸಿಲು ಕಾಣದ್ದರಿಂದ ಅವು ಬಿಳಿಚಿಕೊಂಡಿರುತ್ತವೆ. ಅಂದಿನಿಂದ ಶನಿವಾರ ರಾತ್ರಿಯ ಪೂಜೆಯವರೆಗೆ ಗಂಟೆ ಬಾರಿಸುವುದಿಲ್ಲ.

ಶನಿವಾರ ಬೆಳಗ್ಗೆ ಸುಲ್ಮೋನಾಕ್ಕೆ ರೈಲು, ಒಂದು ಗಂಟೆಯ ದಾರಿ. ಇಲ್ಲೂ ನಿಲ್ದಾಣ ಹಳೇ ಊರಿನಿಂದ ಸುಮಾರು ಎರಡು ಕಿಲೋಮೀಟರ್ ದೂರ. ಪೆಟ್ಟಿಗೆ ಇಟ್ಟು ನೇರ ಗರಿಬಾಲ್ಡಿ ಚೌಕಕ್ಕೆ ಹೋಗಿ ಜಾಗ ಗುರುತು ಮಾಡಿಕೊಳ್ಳಿ. ಚೌಕದ ಒಂದು ಬದಿಗೆ 1256ರ ಕಲ್ಲಿನ ನೀರುಗಾಲುವೆಯ ಕಮಾನುಗಳು, ಇನ್ನೊಂದು ತುದಿಯಲ್ಲಿ ಸಂತ ಫಿಲಿಪ್ಪೊ ನೇರಿ ಚರ್ಚು, ನಡುವೆ ದೊಡ್ಡ ಕಾರಂಜಿ. ಭಾನುವಾರದ ಓಟ ನಡೆಯುವುದು ಚರ್ಚಿನ ಬಾಗಿಲಿನಿಂದ ಕಮಾನುಗಳ ಕಡೆಗೆ.

ಭಾನುವಾರ ಹತ್ತು ಗಂಟೆಗೆಲ್ಲ ಬೇಲಿಗೆ ಅಂಟಿಕೊಂಡು ನಿಂತಿರಬೇಕು. ಹಸಿರು-ಬಿಳಿ ಉಡುಪಿನ ಲೊರೇತೊ ಮಾತೆ ಸಂಘದವರು ಪುನರುತ್ಥಾನ ಯೇಸುವಿನ ವಿಗ್ರಹವನ್ನು ಕಮಾನಿನ ಬಳಿ ತಂದು ನಿಲ್ಲಿಸುತ್ತಾರೆ. ಮಾತೆ ಮರಿಯ ಚರ್ಚಿನೊಳಗೆ ಬಾಗಿಲು ಹಾಕಿಕೊಂಡು ದುಃಖದಲ್ಲಿದ್ದಾಳೆ. ಮಗ ಎದ್ದ ಸುದ್ದಿ ಹೇಳಲು ಸಂತ ಯೊವಾನ್ನರ ವಿಗ್ರಹವನ್ನು ಹೊತ್ತು ಹೋಗುತ್ತಾರೆ, ಬಾಗಿಲು ತೆರೆಯುವುದಿಲ್ಲ. ಆಮೇಲೆ ಪೇತ್ರ. ಮೂರು ಸಲ ಯೇಸುವನ್ನು ಅರಿಯೆ ಎಂದವನ ಮಾತು ಯಾರು ನಂಬುತ್ತಾರೆ? ಮತ್ತೆ ಯೊವಾನ್ನ ಹೋದಾಗ ಬಾಗಿಲು ತೆರೆಯುತ್ತದೆ. ಕಪ್ಪು ಹೊದಿಕೆಯ ಮಾತೆ ನಿಧಾನ ಹೆಜ್ಜೆ ಇಡುತ್ತಾ ಬರುತ್ತಾಳೆ. ಚೌಕದ ನಡುವೆ ಬಂದು ಮಗನನ್ನು ಕಂಡ ಕ್ಷಣಕ್ಕೆ ಕಪ್ಪು ಹೊದಿಕೆ ಕಳಚಿ ಬೀಳುತ್ತದೆ, ಹಸಿರು ಉಡುಪು ಹೊಳೆಯುತ್ತದೆ, ಕರವಸ್ತ್ರವಿದ್ದ ಕೈಯಲ್ಲಿ ಕೆಂಪು ಗುಲಾಬಿ. ಪಾರಿವಾಳಗಳು ಹಾರುತ್ತವೆ, ಪಟಾಕಿ ಸಿಡಿಯುತ್ತವೆ, ಹೊತ್ತವರು ಓಡುತ್ತಾರೆ. ಹೊದಿಕೆ ಸಿಕ್ಕಿಹಾಕಿಕೊಂಡರೆ, ಹೊತ್ತವರು ಮುಗ್ಗರಿಸಿದರೆ ಆ ವರ್ಷಕ್ಕೆ ಅಪಶಕುನ ಎಂದು ಊರಿನವರ ನಂಬಿಕೆ. ಎಲ್ಲ ಕೆಲವೇ ಸೆಕೆಂಡುಗಳ ಆಟ. ಫೋಟೊಗೆ ಒದ್ದಾಡದೆ ಬಾಗಿಲು ತೆರೆದಾಗಿನಿಂದಲೇ ವಿಡಿಯೊ ಓಡಲು ಬಿಡಿ, ಕಣ್ಣು ಚೌಕದ ಮೇಲಿರಲಿ. ಬಾಗಿಲ ಬಳಿ ನಿಂತವರಿಗೆ ಮಾತೆಯ ಬೆನ್ನು ಮಾತ್ರ ಕಾಣುತ್ತದೆ. ಓಟದ ದಾರಿಯ ಪಕ್ಕಕ್ಕೆ, ನಡುವಿಗಿಂತ ತುಸು ಮುಂದೆ, ಕಮಾನಿನ ಕಡೆ ನಿಲ್ಲಬೇಕು.

ಊಟದ ಮಾತು. ಭಾನುವಾರ ಮಧ್ಯಾಹ್ನ ಹೋಟೆಲುಗಳಲ್ಲಿ ನಿಗದಿತ ಹಬ್ಬದೂಟ, ಮುಖ್ಯ ಪದಾರ್ಥ ಕುರಿಮರಿ ಮಾಂಸ. ಸಸ್ಯಾಹಾರಿಗಳು ಮೊದಲೇ ಕಾಯ್ದಿರಿಸುವಾಗ 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ' (ಮಾಂಸ ಬೇಡ, ಮೀನು ಬೇಡ) ಎಂದು ಎರಡನ್ನೂ ಹೇಳಬೇಕು, ಸಾರು ಮಾಂಸದ್ದೋ ಎಂದೂ ಕೇಳಬೇಕು. ಇಲ್ಲಿಯ ಕಿತಾರ್ರಾ ಪಾಸ್ತಾ ಹೆಚ್ಚಾಗಿ ಸಣ್ಣ ಮಾಂಸದುಂಡೆಗಳೊಂದಿಗೆ ಬರುತ್ತದೆ. ಆದರೆ ಟೊಮೆಟೊ ಗೊಜ್ಜಿನಲ್ಲಿ ಬರುವ 'ಪಲ್ಲೊತ್ತೆ ಕಾಚೊ ಏ ಓವೆ' ನೋಡಲು ಮಾಂಸದುಂಡೆಯಂತಿದ್ದರೂ ಚೀಸ್, ಮೊಟ್ಟೆ, ಬ್ರೆಡ್ಡಿನದು. ಮೊಟ್ಟೆ ತಿನ್ನುವವರಿಗೆ ಇದಕ್ಕಿಂತ ಒಳ್ಳೆಯದು ಸಿಗದು. ಮೊಟ್ಟೆಯೂ ಬೇಡ ಎನ್ನುವವರು ಶನಿವಾರವೇ ಹಣ್ಣು, ಬ್ರೆಡ್ಡು, ಟೊಮೆಟೊ ತಂದಿಟ್ಟುಕೊಳ್ಳಿ. ಮನೆಯಿಂದ ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು; ತುಪ್ಪ, ಪನೀರು ಬೇಡ, ಹೊರದೇಶದ ಹಾಲಿನ ಪದಾರ್ಥವನ್ನು ಯುರೋಪಿನ ಒಕ್ಕೂಟದೊಳಗೆ ಬಿಡುವುದಿಲ್ಲ.

ಉಡುಪಿಗೆ ದಪ್ಪ ಜಾಕೆಟ್ ಬೇಕೇ ಬೇಕು. ಸುತ್ತ ಬೆಟ್ಟ, ರಾತ್ರಿ ಚಳಿ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಮಳೆ ಬಂದರೆ ಮೆರವಣಿಗೆ ತಡವಾಗಬಹುದು, ರದ್ದೂ ಆಗಬಹುದು. ಅಂಥ ಸಂಜೆ ಚರ್ಚಿನ ಬಾಗಿಲ ಬಳಿ ಇರಿ, ಮೊದಲ ಸುದ್ದಿ ಅಲ್ಲೇ ಸಿಗುವುದು. ಬಾಡಿಗೆ ಕಾರಿನವರು 'ಜಡ್‌ಟಿಎಲ್' (ಅನುಮತಿಯಿಲ್ಲದ ವಾಹನಗಳಿಗೆ ಪ್ರವೇಶವಿಲ್ಲದ ವಲಯ) ಫಲಕ ದಾಟಿ ಹಳೇ ಊರಿನೊಳಗೆ ನುಗ್ಗಬೇಡಿ, ಕ್ಯಾಮೆರಾ ದಂಡ ತಿಂಗಳುಗಳಾದ ಮೇಲೆ ಮನೆಗೇ ಬರುತ್ತದೆ.

ಊರಿಗೆ ತರಲು ಸುಲ್ಮೋನಾದ ಕೊನ್ಫೆತ್ತಿ, ಅಂದರೆ ಸಕ್ಕರೆ ಲೇಪಿಸಿದ ಬಾದಾಮಿ, ಒಳ್ಳೆಯದು. ಅವನ್ನೇ ಬಣ್ಣದ ಕಾಗದದಲ್ಲಿ ಸುತ್ತಿ ಹೂಗುಚ್ಛ ಮಾಡಿ ಕೋರ್ಸೊ ಓವಿದಿಯೊದ ಅಂಗಡಿಗಳ ಮುಂದೆ ತೂಗುಹಾಕಿರುತ್ತಾರೆ. ಗುಚ್ಛ ಪೆಟ್ಟಿಗೆಯಲ್ಲಿ ನಜ್ಜುಗುಜ್ಜಾಗುತ್ತದೆ, ಬಿಡಿಯಾಗಿ ತೂಕಕ್ಕೆ ಕೊಳ್ಳಿ. ಶನಿವಾರವೇ ಕೊಂಡುಬಿಡಿ.