ಭೂತ್ ಜೊಲೊಕಿಯಾದ ಘಾಟು

ಬ್ಯಾಡಗಿ ಹತ್ತಿರ ಮೆಣಸಿನಕಾಯಿಯಿಂದ ಬಣ್ಣ, ಖಾರ ತೆಗೆಯುವ ಒಂದು ಕಾರ್ಖಾನೆಯ ಲ್ಯಾಬ್‌ನಲ್ಲಿ ಕೆಲಸಕ್ಕಿದ್ದೆ. ಬ್ಯಾಡಗಿ ಕಾಯಿ ಸಾಧು, ಬಣ್ಣ ಜಾಸ್ತಿ, ಖಾರ ಕಮ್ಮಿ. ಒಂದು ದಿನ ಅಸ್ಸಾಮಿನಿಂದ ಒಣಗಿದ ಭೂತ್ ಜೊಲೊಕಿಯಾ ಸ್ಯಾಂಪಲ್ ಬಂತು. 2007ರಲ್ಲಿ ಜಗತ್ತಿನ ಅತಿ ಖಾರದ ಕಾಯಿ ಅಂತ ಗಿನ್ನೆಸ್ ದಾಖಲೆ ಸೇರಿದ್ದು ಇದೇ. ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ 10 ಲಕ್ಷ ದಾಟಿತ್ತು.

ಗ್ಲೌಸ್, ಮಾಸ್ಕ್ ಎಲ್ಲ ಹಾಕಿಕೊಂಡೇ ಫ್ಯೂಮ್ ಹುಡ್ (ಘಾಟನ್ನು ಫ್ಯಾನ್‌ನಿಂದ ಹೊರಗೆಳೆಯುವ ಗೂಡು) ಒಳಗೆ ಪುಡಿ ಮಾಡಿದೆವು. ಜಾರಿನ ಮುಚ್ಚಳ ತೆಗೆಯುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಫ್ಯಾನ್ ನಿಂತಿತು, ಪುಡಿ ಕೋಣೆಗೆ ಹರಡಿತು. ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಸೀದರೆ ಮನೆಮಂದಿಯೆಲ್ಲ ಕೆಮ್ಮುತ್ತಾರಲ್ಲ, ಅದರ ಅಪ್ಪ ಇದು. ಬಾಗಿಲು ಎಲ್ಲಿದೆ ಅಂತಲೂ ಕಾಣದೆ ಗೋಡೆ ತಡವಿಕೊಂಡು ಹೊರಗೆ ಬಂದೆವು.

ಹೊರಗೆ ತೊಟ್ಟು ಬಿಡಿಸುತ್ತಿದ್ದ ಹೆಂಗಸರಿಗೆ ನಗು. ನಾನು ನಲ್ಲಿ ಕಡೆ ಓಡಿದರೆ ಒಬ್ಬ ಅಕ್ಕ ಕೈ ಹಿಡಿದು ನಿಲ್ಲಿಸಿದಳು. 'ಕೈಗೆ ಬರೇ ನೀರ ಹಾಕ್ಕೋಬ್ಯಾಡೋ ತಮ್ಮಾ, ಮೊದಲ ಎಣ್ಣಿ ಹಚ್ಚು!' ಸರಿಯಾದ ಮಾತು. ಖಾರ ಎಣ್ಣೆಯಲ್ಲಿ ಕರಗುತ್ತದೆ, ನೀರಲ್ಲಿ ಅಲ್ಲ.

ಇದೇ ಕಾಯಿಂದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಗ್ರೆನೇಡ್ ಮಾಡಿದೆ ಅಂತ 2010ರಲ್ಲಿ ಓದಿದಾಗ ಸುಮ್ನೆ ನಕ್ಕಿದ್ದೆ. ಆ ದಿನದ ನಂತರ ನಗು ಬರಲಿಲ್ಲ. 2016ರಲ್ಲಿ ಕಾಶ್ಮೀರದಲ್ಲಿ ಗುಂಪು ಚದುರಿಸಲು ಬಳಸಿದ ಪೆಲೆಟ್ ಗನ್ನಿಂದ ನೂರಾರು ಜನರ ಕಣ್ಣಿಗೆ ಪೆಟ್ಟಾಗಿ, ಮಕ್ಕಳೂ ದೃಷ್ಟಿ ಕಳೆದುಕೊಂಡ ಮೇಲೆ, ಕೇಂದ್ರ ಸರ್ಕಾರ ಅದರ ಬದಲು ಪಾವಾ ಶೆಲ್ ತರಲು ಹೊರಟಿತು. ಪಾವಾ ಅಂದರೆ ಮೆಣಸಿನ ಖಾರದ್ದೇ ಜಾತಿಯ ರಾಸಾಯನಿಕ. ಲಕ್ನೋದ ವಿಷವಿಜ್ಞಾನ ಸಂಸ್ಥೆ ಐಐಟಿಆರ್ ಲ್ಯಾಬ್‌ನಲ್ಲಿ ಅಧ್ಯಯನ, ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿ ಬಿಎಸ್‌ಎಫ್‌ನವರ ಅಶ್ರುವಾಯು ಘಟಕದಲ್ಲಿ ತಯಾರಿಕೆ. ಆದರೆ ಖಾರ ತಾನಾಗಿ ಆವಿಯಾಗಿ ಏಳುವ ವಸ್ತು ಅಲ್ಲ, ಪುಡಿ ಮಾಡಿಯೋ ಹನಿ ಮಾಡಿಯೋ ಎಬ್ಬಿಸಬೇಕು, ಎಬ್ಬಿಸಿದ ಮೇಲೆ ಗಾಳಿ ಹೇಳಿದಂತೆ ಕೇಳಬೇಕು. ಮುಚ್ಚಿದ ಲ್ಯಾಬ್‌ನಲ್ಲಿ ನಮ್ಮನ್ನು ಓಡಿಸಿದ್ದು ಬಯಲಲ್ಲಿ ಅಷ್ಟೇ ಕೆಲಸ ಮಾಡುತ್ತಾ? ಪಾವಾದ ಪರಿಣಾಮ ಸಾಲದು ಅಂತ ಆಮೇಲೆ ಸುದ್ದಿ ಬಂತು, 2017ರಲ್ಲಿ ಪ್ಲಾಸ್ಟಿಕ್ ಗುಂಡು ಕಳಿಸಿದರು. ಪೆಲೆಟ್ ಅಂತೂ ಪೂರ್ತಿ ನಿಲ್ಲಲಿಲ್ಲ.

ಒಂದೇ ತೋಟಾದಿಂದ ನೂರಾರು ಸೀಸದ ಕಾಳು ಹಾರಿಸುವುದಕ್ಕಿಂತ ಖಾರವೇ ವಾಸಿ ಅನ್ನುತ್ತೇನೆ ನಾನು. ನನ್ನ ಕಣ್ಣು ಸಂಜೆಗೆ ಸರಿಹೋಯಿತು. ಆದರೆ ಜಾರಿನಿಂದ ಎಲ್ಲರಿಗಿಂತ ದೂರ ಕೂತಿದ್ದ ಸಹೋದ್ಯೋಗಿಗೆ ಆಸ್ತಮಾ ಇತ್ತು. ಅವನನ್ನು ಆಸ್ಪತ್ರೆಗೆ ಸೇರಿಸಿ ಆಕ್ಸಿಜನ್ ಕೊಡಿಸಬೇಕಾಯಿತು. ಗುಂಪಿನಲ್ಲಿ ಅಂಥವರು ಎಷ್ಟು ಜನ ಇರುತ್ತಾರೆ ಅಂತ ಶೆಲ್ ಹಾರಿಸುವವನಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?