ಪೆಟ್ರೊ ಜಾರ್ಜಿಯೊ ಎದ್ದು ಹೋದ ದಿನ

ಮೆಲ್ಬರ್ನ್‌ಗೆ ಬಂದ ಮೇಲೆ ನನಗೆ ಅಂಟಿದ ಚಟ ಒಂದಿದೆ: ಸಂಸದರು ಯಾವುದಕ್ಕೆ ಮತ ಹಾಕಿದ್ದಾರೆ ಎಂದು ಹುಡುಕುವುದು. ಭಾಷಣ ಯಾರು ಬೇಕಾದರೂ ಮಾಡುತ್ತಾರೆ ಬಿಡಿ.

ಹಾಗೆ ಸಿಕ್ಕಿದವರು ಪೆಟ್ರೊ ಜಾರ್ಜಿಯೊ, ಇಲ್ಲಿನ ಕೂಯಾಂಗ್ ಕ್ಷೇತ್ರದ ಲಿಬರಲ್ ಸಂಸದರಾಗಿದ್ದವರು. 2006ರ ಜನವರಿಯಲ್ಲಿ ಇಂಡೋನೇಷ್ಯಾದ ಆಡಳಿತದಲ್ಲಿರುವ ಪಶ್ಚಿಮ ಪಪುವಾದಿಂದ 43 ಜನ ದೋಣಿಯಲ್ಲಿ ಬಂದು ಆಶ್ರಯ ಕೇಳಿದರು. ಹೆಚ್ಚುಕಡಿಮೆ ಎಲ್ಲರಿಗೂ ವೀಸಾ ಸಿಕ್ಕಿತು. ಇಂಡೋನೇಷ್ಯಾಕ್ಕೆ ಸಿಟ್ಟು ಬಂತು. ಆಗ ಜಾರ್ಜಿಯೊ ಅವರದೇ ಪಕ್ಷದ ಪ್ರಧಾನಿ ಜಾನ್ ಹೋವರ್ಡ್ ಸರ್ಕಾರ ಮಸೂದೆ ತಂದಿತು: ದೋಣಿಯಲ್ಲಿ ಬಂದವರು ಆಸ್ಟ್ರೇಲಿಯಾದ ನೆಲಕ್ಕೇ ಕಾಲಿಟ್ಟಿದ್ದರೂ ನೌರುವಿನಂಥ ದ್ವೀಪಕ್ಕೆ ಕಳಿಸಿ, ಅಲ್ಲೇ ಅರ್ಜಿ ನೋಡುವುದು.

ಆಗಸ್ಟ್ 10ರಂದು ಮತದ ಹೊತ್ತಿಗೆ ಜಾರ್ಜಿಯೊ ಮತ್ತು ಅವರ ಪಕ್ಷದವರೇ ಆದ ರಸೆಲ್ ಬ್ರಾಡ್‌ಬೆಂಟ್, ಜೂಡಿ ಮೊಯ್ಲನ್ ಎದ್ದು ಎದುರು ಪಕ್ಷದವರು ಕೂತ ಕಡೆಗೆ ಹೋದರು. ಸುಮ್ನೆ ಮಾತಿಗೆ ಹೇಳುತ್ತಿಲ್ಲ, ಇಲ್ಲಿ ಪರ ಇದ್ದವರು ಒಂದು ಕಡೆ, ವಿರೋಧ ಇದ್ದವರು ಇನ್ನೊಂದು ಕಡೆ ಸೇರುತ್ತಾರೆ, ಮತ ಎಣಿಸುವುದೇ ಹಾಗೆ. ನಮ್ಮಲ್ಲಾದರೆ 1985ರ ಪಕ್ಷಾಂತರ ಕಾನೂನಿನಿಂದ, ವಿಪ್ ಮೀರಿದರೆ ಸೀಟೇ ಹೋಗಬಹುದು. ಲಿಬರಲ್ ಪಕ್ಷದಲ್ಲಿ ಅಷ್ಟು ಬಿಗಿ ಇಲ್ಲ. ಆದರೂ ಮಂತ್ರಿಯಾಗುವ ಆಸೆ ಇದ್ದವರು ಹೀಗೆ ಮಾಡಲ್ಲ, ಅಲ್ವಾ?

ಕೆಳಮನೆಯಲ್ಲಿ ಮಸೂದೆ ಪಾಸಾಯಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಸೋಲುವ ಲಕ್ಷಣ ಕಂಡು ಹೋವರ್ಡ್ 14ರಂದು ವಾಪಸ್ ತೆಗೆದುಕೊಂಡರು. ಹಾಗಾಗಿ ಅಲ್ಲಿ ವಿರೋಧಿಸಲು ನಿಂತಿದ್ದ ಲಿಬರಲ್ ಸೆನೆಟರ್ ಜೂಡಿತ್ ಟ್ರೋತ್ ಹೆಸರಿನ ಮುಂದೆ ಈ ಮಸೂದೆಯ ಮತವೇ ಇಲ್ಲ.

ಮತದ ಪಟ್ಟಿಯ ಬಗ್ಗೆ ನನ್ನ ತಕರಾರು ಇದೇ, ಅದು ಎಲ್ಲವನ್ನೂ ಹೇಳುವುದಿಲ್ಲ. 2005ರಲ್ಲಿ ಜಾರ್ಜಿಯೊ ಖಾಸಗಿ ಮಸೂದೆಗಳನ್ನು ಮುಂದಿಟ್ಟು ಪಟ್ಟು ಹಿಡಿದರು. ಸರ್ಕಾರ ಮಣಿದು, ಮಕ್ಕಳಿದ್ದ ಕುಟುಂಬಗಳನ್ನು ವಲಸಿಗರ ಬಂಧನ ಕೇಂದ್ರದಿಂದ ಹೊರಗೆ ಬಿಡಲು ಒಪ್ಪಿತು. ಅದು ಮಾತುಕತೆಯಲ್ಲೇ ಮುಗಿದದ್ದು, ಮತದ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.