ಲಾಕ್‌ಡೌನ್‌ನಲ್ಲಿ ಆಟಿಸಂ ಮಕ್ಕಳ ಜೊತೆ ಕೆಲಸ ಮಾಡಿ ನಾನು ಕಲಿತಿದ್ದು

ನಾನು ಸ್ಪೀಚ್ ಥೆರಪಿಸ್ಟ್. 2020ರಲ್ಲಿ ಎಲ್ಲಾ ಬಂದ್ ಆದಾಗ ನಮ್ಮ ಸೆಂಟರೂ ಮುಚ್ತು, ಮಕ್ಕಳನ್ನ ಮೊಬೈಲಲ್ಲೇ ನೋಡೋ ಹಾಗಾಯ್ತು. ಆಟಿಸಂ ಇರೋ ಎಷ್ಟೋ ಮಕ್ಕಳಿಗೆ ಮುಂದೇನು ಅಂತ ಗೊತ್ತಿದ್ರೇನೇ ನೆಮ್ಮದಿ, ಬೆಳಗ್ಗೆ ಎದ್ದು ಬ್ಯಾಗ್ ಹಾಕ್ಕೊಂಡು ಬಾಗಿಲ ಹತ್ರ ಬಂದು ನಿಲ್ಲೋ ಹುಡುಗನಿಗೆ ಕಣ್ಣಿಗೇ ಕಾಣದ ವೈರಸ್‌ನ ಹೇಗೆ ಅರ್ಥ ಮಾಡಿಸ್ತೀರಾ ಹೇಳಿ. ನಿದ್ದೆ ಕೆಡ್ತು, ಕಿರುಚಾಟ, ಕೈ ಕಚ್ಕೊಳ್ಳೋದು ಜಾಸ್ತಿ ಆಯ್ತು, ಟಾಯ್ಲೆಟ್ ಕಲ್ತಿದ್ದ ಕೆಲವರು ಮತ್ತೆ ಬಟ್ಟೇಲೇ ಮಾಡ್ಕೊಳ್ಳೋಕೆ ಶುರು ಮಾಡಿದ್ರು. ಇಂಗ್ಲೆಂಡ್, ಫ್ರಾನ್ಸ್ ಸರ್ಕಾರಗಳು ಆ ಏಪ್ರಿಲಲ್ಲೇ ಆಟಿಸಂ ಇರೋರಿಗೆ ಹೊರಗೆ ಓಡಾಡೋ ನಿಯಮ ಸಡಿಲ ಮಾಡಿದ್ವು, ಎಲ್ಲಾ ಕಡೆನೂ ಹಾಗೆ ಮಾಡ್ಬೇಕಿತ್ತು ಅಂತ ನಂಗೆ ಈಗ್ಲೂ ಅನ್ಸುತ್ತೆ.

ಟೀನೇಜ್ ಮಕ್ಕಳಲ್ಲಿ ಕೆಲವರು ಮನೇಲೇ ಆರಾಮಾಗಿದ್ರು, ಕ್ಲಾಸಿನ ಗಲಾಟೆ ಇಲ್ಲ, ರೇಗಿಸೋರಿಲ್ಲ. ಅವ್ರಿಗೆ ನಿಜವಾದ ಕಷ್ಟ ಶುರುವಾಗಿದ್ದು ಸ್ಕೂಲ್ ಮತ್ತೆ ತೆರೆದಾಗ, ಹೊಸ ಟೀಚರ್, ಹೊಸ ಜಾಗ, ಮುಖಕ್ಕೆ ಮಾಸ್ಕ್.

ಆದ್ರೆ ನಾನು ಕೆಲಸ ಮಾಡೋ ರೀತಿನೇ ಬದಲಾಗಿದ್ದು ಒಂದು ಪುಟ್ಟ ಹುಡುಗಿಯಿಂದ. ಸೆಂಟರಲ್ಲಿ ಬಾಯಾರಿಕೆ ಆದ್ರೆ ನೀರಿನ ಚಿತ್ರದ ಕಾರ್ಡ್ ತೆಗ್ದು ನನ್ನ ಕೈಗೆ ಕೊಡ್ತಿದ್ಳು, ಮನೇಲಿ ನೋಡಿದ್ರೆ ಅಮ್ಮನ ಕೈ ಹಿಡ್ದು ಎಳೀತಾಳೆ, ಅಮ್ಮನಿಗೆ ಗೊತ್ತಾಗ್ಲಿಲ್ಲ ಅಂದ್ರೆ ತಲೆ ಗೋಡೆಗೆ ಚಚ್ಕೋತಾಳೆ. ಒಂದು ಜಾಗದಲ್ಲಿ ಒಬ್ಬರ ಹತ್ರ ಕಲ್ತಿದ್ದು ಇನ್ನೊಂದು ಕಡೆ ತಾನಾಗೇ ಬರಲ್ಲ ಅನ್ನೋದು ನಮ್ಮ ಫೀಲ್ಡಲ್ಲಿ ಎಲ್ರಿಗೂ ಗೊತ್ತಿರೋದೇ, ಆದ್ರೆ ವಿಡಿಯೋ ಕಾಲಲ್ಲಿ ಅವರ ಅಡುಗೆಮನೇಲಿ ಅದನ್ನ ಕಣ್ಣಾರೆ ನೋಡೋದು ಬೇರೆ. ಆಮೇಲೆ ಮಗು ಸ್ಕ್ರೀನ್ ನೋಡ್ಲಿ ಅಂತ ಒದ್ದಾಡೋದು ಬಿಟ್ಟು ಅಮ್ಮನಿಗೇ ಹೇಳ್ಕೊಡೋಕೆ ಶುರು ಮಾಡ್ದೆ. ಕಾರ್ಡನ್ನ ಲೋಟದ ಪಕ್ಕದಲ್ಲೇ ಅಂಟ್ಸಿ, ಅವಳು ಎಳೆದಾಗ ಬಾಯಲ್ಲಿ ಏನೂ ಹೇಳ್ಬೇಡಿ, ಅವಳ ಕೈನ ಮೆಲ್ಲಗೆ ಕಾರ್ಡ್ ಕಡೆ ತಗೊಂಡೋಗಿ, ಅವಳು ಕಾರ್ಡ್ ಕೊಟ್ಟ ತಕ್ಷಣ ನೀರು ಕೊಡಿ, ತಡ ಮಾಡ್ಬೇಡಿ. ನಿಧಾನಕ್ಕೆ ಬಂತು. ಆಮೇಲೆ ಅಪ್ಪನಿಗೂ ಕೊಡೋಕೆ ಶುರು ಮಾಡಿದ್ಳು, ಅದು ನಾವ್ಯಾರೂ ಕಲಿಸಿದ್ದಲ್ಲ.

ಈಗ ಸೆಂಟರ್ ತೆರೆದಿದೆ, ಆದ್ರೂ ಹೊಸ ಮಗು ಬಂದ್ರೆ ಮೊದಲು ಮನೆ ವಿಡಿಯೋ ಕೇಳ್ತೀನಿ, ಊಟದ ಹೊತ್ತಿಂದು, ಸ್ನಾನದ ಹೊತ್ತಿಂದು. ಮನೆಯವರು ಒಬ್ರು ಸೆಷನಲ್ಲಿ ಜೊತೆಗೆ ಕೂರ್ಲೇಬೇಕು, ಹೊರಗೆ ಕಾಯೋ ಕುರ್ಚಿಗಳನ್ನ ಒಳಗೇ ಹಾಕ್ಸಿದೀನಿ.